ಪಾಂಪೆಯ ಮೂರನೇ ಒಂದು ಪಾಲು ಇನ್ನೂ ಮಣ್ಣಿನಡಿ ಇದೆ: ಅಗೆಯಬೇಕಾ, ಹಾಗೇ ಬಿಡಬೇಕಾ?

ಮಣ್ಣಿನಮನೆ:
ಇಟಲಿಯ ಹಳೇ ರೋಮನ್ ಊರು ಪಾಂಪೆ ಬಗ್ಗೆ ಇಲ್ಲಿ ಆಗಾಗ ಫೋಟೋ ಹಾಕ್ತಾರೆ, ಚರ್ಚೆ ಮಾತ್ರ ಆಗಲ್ಲ. ಅದಕ್ಕೇ ಒಂದು ಪ್ರಶ್ನೆ ಇಡ್ತಿದ್ದೇನೆ.

ಕೋಟೆಗೋಡೆಯೊಳಗಿನ ಊರು ಸುಮಾರು 66 ಹೆಕ್ಟೇರ್. ಅಗೆತ ಶುರುವಾಗಿದ್ದು 1748ರಲ್ಲಿ. ಇಷ್ಟು ವರ್ಷವಾದರೂ ಮೂರನೇ ಒಂದು ಪಾಲನ್ನು ಮುಟ್ಟಿಲ್ಲ. ಮುಂದಿನ ಪೀಳಿಗೆಗೆ ಇರಲಿ ಅಂತ ಬೇಕಂತಲೇ ಬಿಟ್ಟಿದ್ದಾರೆ. ಬಿಟ್ಟಿದ್ದೇ ಸರಿ ಅಂತ ನನ್ನ ಅಭಿಪ್ರಾಯ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಆ ಊರನ್ನು ಒಂದೇ ಸಲ ಹೂತುಹಾಕಿತು. ಹೊರಗೆ ತೆಗೆದ ಮೇಲೆ ಮಳೆ, ಬಿಸಿಲು, ಬಾಂಬು, ನಾವು ಟೂರಿಸ್ಟುಗಳು ಸೇರಿ ನಿಧಾನಕ್ಕೆ ಮುಗಿಸ್ತಾ ಇದ್ದೇವೆ. ನೀವೇನಂತೀರಿ?

ಖಾರಾಬೂಂದಿ:
ಸಾರ್, ಲಾವಾ ಹರಿದು ಸುಟ್ಟುಹೋದ ಊರಲ್ಲಿ ಇನ್ನೇನು ಉಳಿದಿರುತ್ತೆ ಅಂತ ಅಗೆಯೋದು?

ಲಾವಾಲಹರಿ:
ಲಾವಾ ಪಾಂಪೆಗೆ ಬರಲೇ ಇಲ್ಲ ಮಾರಾಯ್ರೆ. ಬಂದಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ.

ಎರಡು ಹಂತದಲ್ಲಿ ಆಯ್ತು ಅದು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ನೆತ್ತಿಯಿಂದ ಬೂದಿ, ಅನಿಲ, ಕಲ್ಲು ಸೇರಿ ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಕಂಬದ ಹಾಗೆ ಎದ್ದವು. ಗಾಳಿ ಪಾಂಪೆ ಕಡೆ ಬೀಸುತ್ತಿತ್ತು. ಹಾಗಾಗಿ ಊರ ಮೇಲೆ ಪ್ಯೂಮಿಸ್ ಸುರಿಯೋಕೆ ಶುರುವಾಯ್ತು. ತುಂಬ ಹಗುರ ಕಲ್ಲು ಅದು, ನೀರಿಗೆ ಹಾಕಿದರೆ ತೇಲುತ್ತೆ. ಆದರೆ ಸಂಜೆ, ರಾತ್ರಿ ಪೂರ್ತಿ ಸುರಿದು ಎರಡೂವರೆ ಮೂರು ಮೀಟರ್ ಕೂತರೆ ಯಾವ ಚಾವಣಿ ತಡೆಯುತ್ತೆ? ಮನೆಯೊಳಗೆ ಕೂತವರ ಮೇಲೆ ಚಾವಣಿ ಕುಸಿಯಿತು. ಮರುದಿನ ಬೆಳಗ್ಗೆ ಆ ಕಂಬವೇ ಕುಸಿದು, ಬಿಸಿ ಅನಿಲ ಮತ್ತು ಬೂದಿಯ ಮೋಡ ನೆಲಕ್ಕೆ ಅಂಟಿಕೊಂಡು ಇಳಿಜಾರಿನಲ್ಲಿ ನುಗ್ಗಿತು. ಅಲ್ಲಿಯವರೆಗೆ ಉಳಿದವರು ಆಗ ಸತ್ತರು.

ಸುತ್ತ ಬೂದಿ ಗಟ್ಟಿಯಾಯಿತು, ಒಳಗೆ ಹೆಣ ಕೊಳೆತುಹೋಯಿತು, ಆಕಾರ ಮಾತ್ರ ಟೊಳ್ಳಾಗಿ ಉಳಿಯಿತು. 1863ರಲ್ಲಿ ಅಲ್ಲಿನ ಅಗೆತದ ಮುಖ್ಯಸ್ಥ ಫಿಯೊರೆಲ್ಲಿ ಆ ಟೊಳ್ಳಿಗೆ ತೂತು ಮಾಡಿ ಪ್ಲಾಸ್ಟರ್ ಹೊಯ್ಯಿಸಿದರು. ನಾವು ಫೋಟೋದಲ್ಲಿ ನೋಡೋ ‘ಕಲ್ಲಾದ ಮನುಷ್ಯರು’ ಅಂದರೆ ಇವೇ. ಅವು ಕಲ್ಲಲ್ಲ, ಒಳಗೆ ಮೂಳೆ ಇರೋ ಪ್ಲಾಸ್ಟರ್ ಅಚ್ಚುಗಳು.

ಹಳೇನಾಣ್ಯ:
ಕೊನೆಯ ಸಾಲು ಮುಖ್ಯ. ಆ ಮೂಳೆಗಳೇ ಈಗ ಮಾತಾಡ್ತಿವೆ. ‘ಬಂಗಾರದ ಬಳೆಯ ಮನೆ’ ಅಂತ ಒಂದಿದೆ. 1974ರಲ್ಲಿ ಅಲ್ಲಿ ಮೆಟ್ಟಿಲ ಕೆಳಗೆ ನಾಲ್ಕು ಜನ ಸಿಕ್ಕರು. ದೊಡ್ಡವರಲ್ಲಿ ಒಬ್ಬರ ತೋಳಲ್ಲಿ ದಪ್ಪ ಚಿನ್ನದ ಬಳೆ, ಮೈಮೇಲೆ ಮಗು. ನೋಡಿದವರೆಲ್ಲ ‘ತಾಯಿ, ಮಗು’ ಅಂದರು. ಗೈಡುಗಳು ಅದನ್ನೇ ಹೇಳಿದರು. 2024ರಲ್ಲಿ ಡಿಎನ್‌ಎ ಫಲಿತಾಂಶ ಬಂತು. ಬಳೆ ತೊಟ್ಟವರು ಗಂಡಸು, ಮಗುವಿಗೂ ಅವರಿಗೂ ರಕ್ತಸಂಬಂಧವೇ ಇಲ್ಲ!

ಅಗೆದು ಐವತ್ತು ವರ್ಷದ ಮೇಲೆ ಕಥೆ ತಲೆಕೆಳಗಾಯ್ತು. ಹಾಗಾಗಿ ನಾನು ಮಣ್ಣಿನಮನೆಯವರ ಪಕ್ಷ. ಈಗ ಅವಸರದಲ್ಲಿ ಅಗೆದು ಏನೇನು ಹಾಳುಮಾಡ್ತೀವೋ ಅದು ಮುಂದಿನವರಿಗೆ ಗೊತ್ತಾಗುತ್ತೆ, ನಮಗಲ್ಲ.

ಬಯಲುಸೀಮೆ:
ಅಯ್ಯೋ, ಈ ವಾದ ಎಲ್ಲಿಗೆ ಹೋಗುತ್ತೆ ಹೇಳಿ. ಐವತ್ತು ವರ್ಷ ಬಿಟ್ಟು ಬಂದವರೂ ಇದನ್ನೇ ಹೇಳ್ತಾರೆ, ಅವರ ಮೊಮ್ಮಕ್ಕಳೂ ಹೇಳ್ತಾರೆ. 1974ರಲ್ಲಿ ಅಗೆಯದೇ ಹೋಗಿದ್ದರೆ 2024ರಲ್ಲಿ ಡಿಎನ್‌ಎ ತೆಗೆಯೋಕೆ ಮೂಳೆ ಎಲ್ಲಿಂದ ಬರುತ್ತಿತ್ತು?

ಅದೇ ಸಿಡಿತದಲ್ಲಿ ಹೂತುಹೋದ ಪಕ್ಕದ ಊರು ಹರ್ಕ್ಯುಲೇನಿಯಂ ನೋಡಿ. ತುಂಬ ಕಾಲ ‘ಅಲ್ಲಿ ಅಸ್ಥಿಪಂಜರ ಅಷ್ಟಾಗಿ ಸಿಕ್ಕಿಲ್ಲ, ಜನ ಎಲ್ಲ ತಪ್ಪಿಸಿಕೊಂಡಿರಬೇಕು’ ಅಂತಲೇ ನಂಬಿದ್ದರು. 1980ರ ನಂತರ ಹಳೇ ಸಮುದ್ರ ತೀರದ ಕಡೆ ಅಗೆದರು. ದೋಣಿ ಇಡೋ ಕಮಾನು ಕೋಣೆಗಳಲ್ಲಿ, ಮುಂದಿನ ಮರಳಿನಲ್ಲಿ ಸುಮಾರು 300 ಅಸ್ಥಿಪಂಜರ ಸಿಕ್ಕವು. ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರು. ಕೆಲವರ ಹತ್ತಿರ ಒಡವೆ ಇತ್ತು, ಕೆಲವರ ಹತ್ತಿರ ಮನೆಯ ಬೀಗದ ಕೈ. ವಾಪಸ್ ಬರ್ತೀವಿ ಅಂತ ಬೀಗ ಹಾಕಿ ಬಂದವರು ಅವರು. ಅಗೆಯದೇ ಇದ್ದಿದ್ದರೆ ಇವತ್ತಿಗೂ ನಾವು ‘ಎಲ್ಲರೂ ಪಾರಾದರು’ ಅಂತ ಓದುತ್ತಾ ಇರುತ್ತಿದ್ದೆವು.

ಖಾರಾಬೂಂದಿ:
ಬೀಗದ ಕೈ ವಿಷಯ ಓದಿ ಹೊಟ್ಟೆ ಕಿವುಚಿದ ಹಾಗಾಯ್ತು.

ನೇಪಲ್ಸ್‌ಕನ್ನಡತಿ:
ನಾನು ಇರೋದು ನೇಪಲ್ಸ್‌ನಲ್ಲೇ. ಬಾಲ್ಕನಿಯಿಂದ ವೆಸುವಿಯಸ್ ಕಾಣುತ್ತೆ. ಎರಡು ವಿಷಯ ಸೇರಿಸ್ತೀನಿ.

ಒಂದು, ‘ಅಗೆಯೋದು ನಿಲ್ಲಿಸಿದ್ದಾರೆ’ ಅನ್ನೋದು ಪೂರ್ತಿ ನಿಜ ಅಲ್ಲ. ಅಗೆದ ಭಾಗಕ್ಕೂ ಅಗೆಯದ ಭಾಗಕ್ಕೂ ನಡುವೆ ಸುಮಾರು 3 ಕಿಲೋಮೀಟರ್ ಉದ್ದದ ಮಣ್ಣಿನ ದಿಬ್ಬದ ಅಂಚು ಇದೆ. ಮಳೆಗಾಲದಲ್ಲಿ ಆ ದಿಬ್ಬ ನೀರು ಕುಡಿದು ಪಕ್ಕದ ಗೋಡೆಗಳನ್ನು ತಳ್ಳುತ್ತೆ. 2010ರ ನವೆಂಬರ್‌ನಲ್ಲಿ ಸ್ಕೋಲಾ ಅರ್ಮತುರಾರುಂ ಅನ್ನೋ ಕಟ್ಟಡ ಬಿದ್ದಾಗ ಇಟಲಿಯಲ್ಲಿ ದೊಡ್ಡ ಗಲಾಟೆ ಆಗಿತ್ತಂತೆ. 1943ರಲ್ಲಿ ಮಿತ್ರಪಡೆಗಳು ಪಾಂಪೆ ಮೇಲೆ ನೂರೈವತ್ತಕ್ಕೂ ಜಾಸ್ತಿ ಬಾಂಬ್ ಹಾಕಿದ್ದವು. ಆ ಕಟ್ಟಡವೂ ಆಗ ಪೆಟ್ಟು ತಿಂದಿತ್ತು. ಆಮೇಲೆ ರಿಪೇರಿ ಮಾಡಿದವರು ಮೇಲೆ ಭಾರದ ಕಾಂಕ್ರೀಟ್ ಚಾವಣಿ ಕೂರಿಸಿದ್ದರು. ಹಳೇ ಗೋಡೆ ಎಷ್ಟು ದಿನ ಹೊರುತ್ತೆ? 2010ರ ನಂತರವೇ ಯುರೋಪಿಯನ್ ಒಕ್ಕೂಟದ ನೆರವಿನ 105 ಮಿಲಿಯನ್ ಯೂರೋ ಯೋಜನೆ ಬಂದಿದ್ದು. ಆ ದಿಬ್ಬವನ್ನು ಇಳಿಜಾರು ಮಾಡಿ ಭದ್ರಪಡಿಸೋಕೆ ಸ್ವಲ್ಪ ಒಳಗೆ ಅಗೆಯಲೇಬೇಕಾಯ್ತು. ಈಚೆಗೆ ಪೇಪರಲ್ಲಿ ಬಂದ ಎಷ್ಟೋ ‘ಹೊಸ ಪತ್ತೆ’ ಸಿಕ್ಕಿದ್ದು ಈ ಭದ್ರತೆ ಕೆಲಸದಲ್ಲಿ.

ಎರಡು, ಸಿಕ್ಕಿದ್ದೇನು ನೋಡಿ. 2020ರಲ್ಲಿ ಒಂದು ಬೀದಿಬದಿ ಹೋಟೆಲನ್ನು ಪೂರ್ತಿ ಹೊರತೆಗೆದರು. ಥರ್ಮೊಪೋಲಿಯಂ ಅಂತಾರೆ. ಕಟ್ಟೆಯೊಳಗೆ ಮಡಕೆಗಳನ್ನು ಕೂರಿಸಿದ್ದಾರೆ, ಮುಂದೆ ಬಾತುಕೋಳಿ, ಹುಂಜದ ಚಿತ್ರ, ಸರಪಳಿ ಹಾಕಿದ ನಾಯಿಯ ಚಿತ್ರ. ಮಡಕೆಯ ತಳದಲ್ಲಿ ಬಾತುಕೋಳಿ, ಹಂದಿ, ಮೇಕೆ, ಮೀನು, ಬಸವನಹುಳು ಇವುಗಳ ಅವಶೇಷ. ವೈನ್ ಮಡಕೆಯೊಳಗೆ ಅರೆದ ಅವರೆಜಾತಿ ಕಾಳು. ವೈನಿನ ಬಣ್ಣ, ರುಚಿ ತಿಳಿಮಾಡೋಕೆ ಹಾಕುತ್ತಿದ್ದರಂತೆ. ನೂರು ವರ್ಷ ಹಿಂದೆ ಅಗೆದವರಾಗಿದ್ದರೆ ಆ ತಳದ ಮಣ್ಣನ್ನು ಸುಮ್ನೆ ಗುಡಿಸಿ ಎಸೆಯುತ್ತಿದ್ದರು. ಅವರಿಗೆ ಬೇಕಿದ್ದಿದ್ದು ವಿಗ್ರಹ, ಚಿತ್ರ, ಬೆಳ್ಳಿ.

ಖಾರಾಬೂಂದಿ:
ಅಕ್ಕಾ, ಪಿಜ್ಜಾ ಚಿತ್ರ ಸಿಕ್ಕಿದೆ ಅಂತ 2023ರಲ್ಲಿ ಓದಿದ್ದೆ. ನಿಜವಾ?

ನೇಪಲ್ಸ್‌ಕನ್ನಡತಿ:
ತಟ್ಟೆಯಲ್ಲಿ ಚಪ್ಪಟೆ ರೊಟ್ಟಿ, ಮೇಲೆ ಹಣ್ಣು, ಪಕ್ಕದಲ್ಲಿ ವೈನ್ ಬಟ್ಟಲು. ಚಿತ್ರ ನಿಜ, ಪಿಜ್ಜಾ ಅಲ್ಲ. ಟೊಮೇಟೊ ಅಮೆರಿಕದ ಗಿಡ, ಯುರೋಪಿಗೆ ಬಂದಿದ್ದು ಅದಾಗಿ ಸಾವಿರದ ನಾನೂರು ವರ್ಷದ ಮೇಲೆ.

ಕಲ್ಲುಚಪ್ಪಡಿ:
ಅದೇ ಮನೆಯಲ್ಲಿ ಇನ್ನೊಂದು ಸಿಕ್ಕಿತು. ನನ್ನ ಮಟ್ಟಿಗೆ ಇಡೀ ಪಾಂಪೆಯಲ್ಲಿ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಒಂದು ಬೇಕರಿ. ಹೊರಗೆ ಹೋಗೋಕೆ ಬಾಗಿಲಿಲ್ಲ, ಇರೋ ಒಂದೇ ದಾರಿ ಮಾಲೀಕನ ಮನೆಯೊಳಗೆ ತೆರೆದುಕೊಳ್ಳುತ್ತೆ. ಎತ್ತರದಲ್ಲಿ ಸಣ್ಣ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. ಗುಲಾಮರನ್ನೂ ಕತ್ತೆಗಳನ್ನೂ ಒಟ್ಟಿಗೆ ಕೂಡಿಹಾಕಿ ಹಿಟ್ಟು ಬೀಸಿಸುತ್ತಿದ್ದರು. ಬೀಸುಕಲ್ಲಿನ ಸುತ್ತ ನೆಲದ ಚಪ್ಪಡಿಯಲ್ಲಿ ಅರ್ಧಚಂದ್ರದ ಹಾಗೆ ಗುಳಿ ಕೆತ್ತಿದ್ದಾರೆ. ಕಣ್ಣು ಕಟ್ಟಿದ ಕತ್ತೆಗಳು ಜಾರದಂತೆ, ಗಾಲಿಕಲ್ಲುಗಳು ಒಂದಕ್ಕೊಂದು ತಾಗದಂತೆ ಹೆಜ್ಜೆ ಹಾಕಲಿ ಅಂತ. ಗುಳಿಗಳು ಸವೆದಿವೆ. ಆ ಸವೆತ ನೋಡಿದರೆ ಸಾಕು, ಅಲ್ಲಿ ದಿನಗಳು ಹೇಗೆ ಕಳೆಯುತ್ತಿದ್ದವು ಅಂತ ಗೊತ್ತಾಗುತ್ತೆ.

ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಮರುವರ್ಷ ಊಟದ ಹಾಲ್ ಸಿಕ್ಕಿತು. ಗೋಡೆ ಪೂರ್ತಿ ಕಪ್ಪು, ಅದರ ಮೇಲೆ ಟ್ರಾಯ್ ಯುದ್ಧದ ಕಥೆಯ ಹೆಲೆನ್, ಪ್ಯಾರಿಸ್. ಕಪ್ಪು ಬಣ್ಣ ಯಾಕೆ ಗೊತ್ತಾ? ದೀಪದ ಮಸಿ ಕಾಣಬಾರದು ಅಂತ. ನೆಲಕ್ಕೆ ಹತ್ತು ಲಕ್ಷಕ್ಕೂ ಜಾಸ್ತಿ ಪುಟ್ಟ ಬಿಳಿ ಕಲ್ಲು. ಒಂದು ಕಡೆ ಅದು, ಒಂದು ಕಡೆ ಇದು. ಇಂಥ ಜೋಡಿ ಹೊರಗೆ ಬರೋಕಾದರೂ ಅಗೆಯಬೇಕು ಅಂತ ನನಗನ್ನಿಸುತ್ತೆ. ಮೊದಲ ಇನ್ನೂರು ವರ್ಷ ಶ್ರೀಮಂತರ ಹಾಲ್‌ಗಳನ್ನೇ ಹುಡುಕಿದರು. ಹಿಟ್ಟು ಬೀಸಿದವರ ಸರದಿ ಈಗ ಬಂದಿದೆ. ಇಲ್ಲಿಗೆ ಬಂದು ‘ಸಾಕು ನಿಲ್ಲಿಸಿ’ ಅನ್ನೋದು ಯಾವ ನ್ಯಾಯ?

ಮಣ್ಣಿನಮನೆ:
ಕಲ್ಲುಚಪ್ಪಡಿಯವರೇ, ಒಳ್ಳೇ ಮಾತು. ಆದರೆ ಆ ಕಪ್ಪು ಹಾಲ್ ಇನ್ನು ನೂರು ವರ್ಷಕ್ಕೆ ಹೇಗಿರುತ್ತೆ? ಪಾಂಪೆಯ ಮಾರುಕಟ್ಟೆ ಕಟ್ಟಡ ಮಾಚೆಲ್ಲುಂ ಅಂತಿದೆ. ಸುಮಾರು 1820ರ ಹೊತ್ತಿಗೆ ಅಗೆದಾಗ ಗೋಡೆಚಿತ್ರ ಎಷ್ಟು ಚೆನ್ನಾಗಿತ್ತು ಅಂತ ಆಗ ಬರೆದಿಟ್ಟ ನಕಲು ಚಿತ್ರಗಳಲ್ಲಿ ಇದೆ. ಈಗ ಹೋದರೆ ಬಹುಪಾಲು ಮಾಸಿಹೋಗಿದೆ. ನೇಪಲ್ಸ್ ಮ್ಯೂಸಿಯಂನಲ್ಲಿ ಮರ, ಬೆಂಡು, ಕಾಗದದಲ್ಲಿ ಮಾಡಿದ ಪಾಂಪೆಯ ದೊಡ್ಡ ಮಾದರಿ ಇದೆ. 19ನೇ ಶತಮಾನದ್ದು, 1:100 ಅಳತೆ. ಗೋಡೆಯ ಚಿತ್ರ, ನೆಲದ ವಿನ್ಯಾಸ ಎಲ್ಲ ಅದರಲ್ಲಿ ಪುಟ್ಟದಾಗಿ ಬಿಡಿಸಿದ್ದಾರೆ. ಕೆಲವು ಈಗ ಆ ಮಾದರಿಯಲ್ಲಿ ಮಾತ್ರ ಉಳಿದಿವೆ, ನಿಜವಾದ ಗೋಡೆಯಲ್ಲಿಲ್ಲ!

ಇರೋದನ್ನೇ ನೋಡಿಕೊಳ್ಳಲಾಗದೆ ಹೊಸದಕ್ಕೆ ಕೈ ಹಾಕೋದು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ಬಯಲುಸೀಮೆ:
ಮಣ್ಣಿನಡಿ ಇದ್ದರೆ ಸುರಕ್ಷಿತ ಅಂತ ಯಾರು ಹೇಳಿದ್ದು ಸಾರ್? ಚಿವಿತಾ ಜೂಲಿಯಾನ ಅಂತ, ಪಾಂಪೆ ಕೋಟೆಯಿಂದ ಸ್ವಲ್ಪ ಆಚೆ. ಅಲ್ಲಿ ಕಳ್ಳರು ಬೂದಿಯೊಳಗೆ ಸುರಂಗ ತೋಡಿ ಒಂದು ದೊಡ್ಡ ಮನೆಯನ್ನೇ ದೋಚುತ್ತಿದ್ದರು. ಪ್ರಾಸಿಕ್ಯೂಟರ್ ಕಚೇರಿಯೂ ಪುರಾತತ್ವದವರೂ ಸೇರಿ 2017ರಲ್ಲಿ ಅಗೆತ ಶುರು ಮಾಡಿದರು. 2021ರಲ್ಲಿ ಅಲ್ಲಿ ಕಂಚು, ತವರದ ಅಲಂಕಾರ ಇರೋ ನಾಲ್ಕು ಗಾಲಿಯ ಮೆರವಣಿಗೆ ರಥ ಸಿಕ್ಕಿತು. ಕಳ್ಳರ ಸುರಂಗಗಳು ರಥದ ಆಚೀಚೆ ಹಾದುಹೋಗಿವೆ. ಸ್ವಲ್ಪದರಲ್ಲಿ ತಪ್ಪಿದೆ. ಅದೇ ವರ್ಷ ಗುಲಾಮರು ಮಲಗೋ ಕೋಣೆಯೂ ಸಿಕ್ಕಿತು, ಮೂರು ಮಂಚ, ಒಂದು ಮಕ್ಕಳ ಅಳತೆಯದ್ದು. ನೀವು ಅಗೆಯಲ್ಲ ಅಂದರೆ ಕಳ್ಳ ಅಗೆಯುತ್ತಾನೆ. ಅವನೇನು ದಾಖಲೆ ಬರೆದಿಡಲ್ಲ.

ಲಾವಾಲಹರಿ:
ಇನ್ನೊಂದು ಅಪಾಯ ಎಲ್ಲರೂ ಮರೀತಾ ಇದ್ದೀರಿ. ಬೆಟ್ಟ ಸತ್ತಿಲ್ಲ. ಕೊನೆಯ ಸಲ ಸಿಡಿದಿದ್ದು 1944ರಲ್ಲಿ. 1631ರ ಸಿಡಿತದಲ್ಲಿ ಸಾವಿರಾರು ಜನ ಸತ್ತರು. ಈಗ ‘ಕೆಂಪು ವಲಯ’ ಅಂತ ಗುರುತು ಮಾಡಿದ ಜಾಗದಲ್ಲಿ 25 ಊರು, ಸುಮಾರು 7 ಲಕ್ಷ ಜನ ಇದ್ದಾರೆ. ಮುಂದಿನ ಪೀಳಿಗೆಗೆ ಅಂತ ಬಿಟ್ಟಿದ್ದು ಮುಂದಿನ ಪೀಳಿಗೆಗೆ ಇನ್ನೂ ಇಪ್ಪತ್ತು ಮೀಟರ್ ಆಳಕ್ಕೆ ಹೋದರೆ?

ನೇಪಲ್ಸ್‌ಕನ್ನಡತಿ:
ಬಾಲ್ಕನಿ ವಿಷಯ ಹೇಳಿದ ಮೇಲೆ ಇದನ್ನು ಬರೀಬೇಕಿತ್ತಾ ನೀವು 😄

ಹಳೇನಾಣ್ಯ:
ಕಾಯೋದರಿಂದ ಏನು ಸಿಗುತ್ತೆ ಅನ್ನೋದಕ್ಕೆ ನನ್ನ ದೊಡ್ಡ ಸಾಕ್ಷಿ ಹರ್ಕ್ಯುಲೇನಿಯಂನ ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಸುರುಳಿಗಳು. ಸ್ವಲ್ಪ ಉದ್ದ ಆಗುತ್ತೆ, ಓದಿ.

1750ರ ದಶಕದಲ್ಲಿ ಸುರಂಗ ತೋಡುತ್ತಾ ಹೋದವರಿಗೆ ಒಂದು ಭಾರಿ ಬಂಗಲೆ ಸಿಕ್ಕಿತು. ಒಳಗೆ ಕಪ್ಪು ಕೊರಡಿನಂಥ ತುಂಡುಗಳು. ಇದ್ದಿಲು ಅಂದುಕೊಂಡು ಮೊದಲು ಕೆಲವನ್ನು ಎಸೆದರು. ಆಮೇಲೆ ಗೊತ್ತಾಯ್ತು, ಅದು ಪುಸ್ತಕಭಂಡಾರ. ಸುರುಳಿ, ಚೂರು ಎಲ್ಲ ಸೇರಿ ಸುಮಾರು 1,800. ಪ್ರಾಚೀನ ಕಾಲದ ಪುಸ್ತಕಭಂಡಾರ ಇದ್ದ ಜಾಗದಲ್ಲೇ ಹೀಗೆ ಉಳಿದಿದ್ದು ಇದೊಂದೇ. ಓದೋದು ಹೇಗೆ? ಚಾಕುವಿನಲ್ಲಿ ಸೀಳಿದರು, ಪುಡಿಯಾಯ್ತು. ಪಿಯಾಜಿಯೊ ಅನ್ನೋ ಪಾದ್ರಿ ರೇಷ್ಮೆ ದಾರ ಕಟ್ಟಿ ಕೂದಲೆಳೆಯಷ್ಟೇ ಬಿಚ್ಚೋ ಯಂತ್ರ ಮಾಡಿದರು. ಒಂದು ಸುರುಳಿಗೆ ವರ್ಷಗಳೇ ಹಿಡಿದವು, ಅದರಲ್ಲೂ ಎಷ್ಟೋ ಹಾಳಾದವು.

ಯಾರೂ ಬಿಚ್ಚದೆ ಬಿಟ್ಟ ಸುರುಳಿಗಳಿವೆಯಲ್ಲ, ಅವು ಈಗ ಓದಲು ಸಿಗುತ್ತಿವೆ. ಎಕ್ಸ್-ರೇ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಪದರ ಬಿಡಿಸಿ, ಶಾಯಿಯ ಗುರುತು ಹುಡುಕೋಕೆ ಯಂತ್ರಕಲಿಕೆ ಬಳಸ್ತಾರೆ. ಶಾಯಿಯೂ ಇಂಗಾಲ, ಸುಟ್ಟ ಕಾಗದವೂ ಇಂಗಾಲ, ಎಕ್ಸ್-ರೇಯಲ್ಲಿ ವ್ಯತ್ಯಾಸ ಕಾಣೋದೇ ಕಷ್ಟ. 2023ರಲ್ಲಿ ಲ್ಯೂಕ್ ಫ್ಯಾರಿಟರ್ ಅನ್ನೋ ಕಾಲೇಜು ಹುಡುಗ ಮೊದಲ ಪೂರ್ತಿ ಪದ ಹಿಡಿದ. ನೇರಳೆ ಬಣ್ಣಕ್ಕೆ ಗ್ರೀಕ್ ಪದ. ಮರುವರ್ಷ ಫೆಬ್ರವರಿಯಲ್ಲಿ ಅವನೂ ಇನ್ನಿಬ್ಬರೂ ಸೇರಿ 2,000ಕ್ಕೂ ಹೆಚ್ಚು ಅಕ್ಷರ ಓದಿ 7 ಲಕ್ಷ ಡಾಲರ್ ಬಹುಮಾನ ತಗೊಂಡರು. ಸುಖ ಅಂದರೇನು ಅನ್ನೋ ಚರ್ಚೆ ಅದರಲ್ಲಿದೆ.

18ನೇ ಶತಮಾನದವರು ಕುತೂಹಲ ತಡಕೊಂಡಿದ್ದರೆ ಇನ್ನೆಷ್ಟು ಸಿಗುತ್ತಿತ್ತು?

ಬಯಲುಸೀಮೆ:
ಹಳೇನಾಣ್ಯ ಸಾರ್, ನಿಮ್ಮ ಉದಾಹರಣೆಯೇ ನನ್ನ ಕೈಗೆ ಕೊಟ್ಟಿರಿ. ಅಗೆಯೋದು ಬೇರೆ, ಬಿಚ್ಚೋದು ಬೇರೆ. ಸುರುಳಿಗಳನ್ನು ಹೊರಗೆ ತಂದಿದ್ದಕ್ಕೇ ಸ್ಕ್ಯಾನ್ ಮಾಡೋಕೆ ಆಯ್ತು. ಆ ಬಂಗಲೆಯನ್ನು ಇನ್ನೂ ಪೂರ್ತಿ ಅಗೆದಿಲ್ಲ. ಕೆಳಗೆ ಇನ್ನಷ್ಟು ಸುರುಳಿ ಇರಬಹುದು ಅಂತ ಹೇಳೋ ವಿದ್ವಾಂಸರೇ ಇದ್ದಾರೆ. ಓದೋ ಯಂತ್ರ ರೆಡಿ, ಪುಸ್ತಕ ಮಣ್ಣಲ್ಲಿ!

ಲಾವಾಲಹರಿ:
ಹರ್ಕ್ಯುಲೇನಿಯಂ ಅಗೆಯೋದು ಪಾಂಪೆಯಷ್ಟು ಸುಲಭ ಅಲ್ಲ. ಪಾಂಪೆ ಮೇಲಿರೋದು ಸಡಿಲ ಕಲ್ಲು, ಬೂದಿ. ಹರ್ಕ್ಯುಲೇನಿಯಂ ಮೇಲೆ ಬಿಸಿ ಮೋಡಗಳು ಮತ್ತೆ ಮತ್ತೆ ಇಳಿದು ಸುಮಾರು 20 ಮೀಟರ್ ಕೂತು ಬಂಡೆಯಾಗಿದೆ. ಅದರ ಮೇಲೆ ಈಗಿನ ಎರ್ಕೊಲಾನೊ ಊರು ನಿಂತಿದೆ. ಜನರನ್ನು ಎಬ್ಬಿಸಬೇಕು. ಯಾವ ಸರ್ಕಾರ ಮಾಡುತ್ತೆ?

ಕರಾವಳಿಯವಳು:
ಚರ್ಚೆ ಜೋರಾಗಿದೆ. ನಾನು ಸ್ವಲ್ಪ ನಮ್ಮ ಕಡೆ ಎಳೀತೇನೆ, ಬೈಯಬೇಡಿ. ಆ ದಿನ ಸತ್ತವರಲ್ಲಿ ಹಿರಿಯ ಪ್ಲಿನಿಯೂ ಒಬ್ಬರು. ರೋಮನ್ ನೌಕಾಪಡೆಯ ಅಧಿಕಾರಿ, ಜನರನ್ನು ಕಾಪಾಡೋಕೆ ಹಡಗು ತಗೊಂಡು ಕೊಲ್ಲಿ ದಾಟಿ ಹೋದವರು ಸ್ಟೇಬಿಯೆ ತೀರದಲ್ಲಿ ಪ್ರಾಣ ಬಿಟ್ಟರು. 17 ವರ್ಷದ ಅಳಿಯ, ಅಂದರೆ ಸಹೋದರಿಯ ಮಗ ಕಿರಿಯ ಪ್ಲಿನಿ, ದೂರದಲ್ಲಿ ನಿಂತು ನೋಡಿದ್ದನ್ನು ಆಮೇಲೆ ಇತಿಹಾಸಕಾರ ಟ್ಯಾಸಿಟಸ್‌ಗೆ ಪತ್ರ ಬರೆದ. ಬೆಟ್ಟದ ಮೇಲೆ ಛತ್ರಿಯಂಥ ಪೈನ್ ಮರದ ಆಕಾರದಲ್ಲಿ ಮೋಡ ಎದ್ದಿತು ಅಂತ.

ಈ ಹಿರಿಯ ಪ್ಲಿನಿ ಸಾಯೋಕೆ ಕೆಲವೇ ವರ್ಷ ಮುಂಚೆ ಬರೆದು ಮುಗಿಸಿದ ವಿಶ್ವಕೋಶದಲ್ಲಿ ನಮ್ಮ ಪಶ್ಚಿಮ ಕರಾವಳಿ ಬರುತ್ತೆ ಮಾರಾಯ್ರೆ. ಕೇರಳದ ಮುಜಿರಿಸ್ ಬಂದರಿಗೆ ಹೋಗೋದು ಅಷ್ಟು ಒಳ್ಳೇದಲ್ಲ, ಪಕ್ಕದಲ್ಲಿ ನಿಟ್ರಿಯಾಸ್ ಅನ್ನೋ ಜಾಗದಲ್ಲಿ ಕಡಲ್ಗಳ್ಳರಿದ್ದಾರೆ ಅಂತಾರೆ. ಆ ನಿಟ್ರಿಯಾಸ್ ಅಂದರೆ ನೇತ್ರಾಣಿ ದ್ವೀಪ ಅಂತ ಕೆಲವರು, ನೇತ್ರಾವತಿ ದಡ ಅಂತ ಕೆಲವರು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹೋಗ್ತಿದೆ ಅಂತ ಗೊಣಗಿದ್ದೂ ಇವರೇ.

ಹಳೇನಾಣ್ಯ:
ಗೊಣಗೋಕೆ ಕಾರಣ ಇತ್ತು. ಆ ದುಡ್ಡಿನ ಚೂರುಪಾರು ನಮ್ಮಲ್ಲೇ ಸಿಕ್ಕಿದೆಯಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ, 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೋಮನ್ ನಾಣ್ಯಗಳ ಗಂಟು. ಆ ಕಡೆ ಪಾಂಪೆಯಲ್ಲಿ ನಮ್ಮ ಕಡೆಯ ದಂತದ ಗೊಂಬೆ. 1938ರಲ್ಲಿ ಪುರಾತತ್ವಜ್ಞ ಅಮೆದಿಯೊ ಮಾಯೂರಿ ಅಗೆಸಿದಾಗ ಸಿಕ್ಕಿದ್ದು. ಸುಮಾರು 24 ಸೆಂಟಿಮೀಟರ್ ಎತ್ತರ, ಮೈತುಂಬ ಒಡವೆ, ಎರಡೂ ಪಕ್ಕ ಪುಟ್ಟ ಸೇವಕಿಯರು. ‘ಪಾಂಪೆ ಲಕ್ಷ್ಮಿ’ ಅಂತ ಹೆಸರಾಯ್ತು, ಆದರೆ ಯಕ್ಷಿ ಇರಬೇಕು ಅಂತ ಹಲವರ ಮಾತು. ಮೇಲಿಂದ ಕೆಳಗೆ ತೂತಿದೆ, ಹಾಗಾಗಿ ಕನ್ನಡಿಯ ಹಿಡಿ ಅಥವಾ ಪೀಠೋಪಕರಣದ ಕಾಲು ಆಗಿದ್ದಿರಬಹುದು. ಇದೇ ಥರದ್ದು ಮಹಾರಾಷ್ಟ್ರದ ತೇರ್, ಭೋಕರ್ದನ್‌ನಲ್ಲೂ ಸಿಕ್ಕಿವೆ.

ಖಾರಾಬೂಂದಿ:
ಇಷ್ಟು ಗಂಭೀರ ಆಗಬೇಡಿ ಎಲ್ಲ. ಗೋಡೆಬರಹಗಳ ಬಗ್ಗೆ ಯಾರೂ ಹೇಳಲಿಲ್ಲ! ಪಾಂಪೆ ಗೋಡೆಗಳಲ್ಲಿ ಚುನಾವಣೆ ಪ್ರಚಾರದ ಬರಹಗಳೇ ಎರಡು ಸಾವಿರಕ್ಕೂ ಜಾಸ್ತಿ. ಒಂದರಲ್ಲಿ ‘ತಡರಾತ್ರಿ ಕುಡಿಯುವವರೆಲ್ಲ ವಾತಿಯಾಗೆ ಬೆಂಬಲ’ ಅಂತಿದೆ. ಇನ್ನೊಂದರಲ್ಲಿ ‘ಚಿಲ್ಲರೆ ಕಳ್ಳರ ಬೆಂಬಲ ವಾತಿಯಾಗೆ’. ಎದುರಾಳಿ ಪಾರ್ಟಿಯವರದ್ದೇ ಕೈವಾಡ, ಅಲ್ವಾ?

ನೇಪಲ್ಸ್‌ಕನ್ನಡತಿ:
😄 ಹೌದು. ಇನ್ನೊಬ್ಬ ಗೋಡೆಗೇ ಬರೆದಿದ್ದಾನೆ: ಇಷ್ಟು ಜನರ ಬೇಸರದ ಬರಹ ಹೊತ್ತೂ ನೀನು ಬಿದ್ದಿಲ್ಲವಲ್ಲ, ಆಶ್ಚರ್ಯ ಅಂತ.

ಕಲ್ಲುಚಪ್ಪಡಿ:
ಗೋಡೆಬರಹ ಅಂದಿರಿ, ಅದರಲ್ಲೇ ನನ್ನ ವಾದವೂ ಇದೆ. ಊರು ನಾಶವಾಗಿದ್ದು ಆಗಸ್ಟ್ 24 ಅಂತ ನಾವೆಲ್ಲ ಓದಿದ್ದೇವೆ. ಕಿರಿಯ ಪ್ಲಿನಿ ಪತ್ರದ ನಕಲುಪ್ರತಿಯಿಂದ ಬಂದ ದಿನಾಂಕ ಅದು. 2018ರಲ್ಲಿ ಒಂದು ಮನೆಯ ಗೋಡೆಯಲ್ಲಿ ಇದ್ದಿಲಿನಲ್ಲಿ ಗೀಚಿದ ಸಾಲು ಸಿಕ್ಕಿತು. ದಿನಾಂಕ ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 17. ಇದ್ದಿಲು ಬೇಗ ಅಳಿಸಿಹೋಗುತ್ತೆ, ಹಾಗಾಗಿ ಅದೇ ವರ್ಷದ್ದಿರಬೇಕು, ಅಂದರೆ ಊರು ಮುಳುಗಿದ್ದು ಅಕ್ಟೋಬರ್ ಕೊನೆಗೆ ಅಂತ ವಾದ. ದಾಳಿಂಬೆ, ಮೈಕಾಯಿಸೋ ಅಗ್ಗಿಷ್ಟಿಕೆ ಸಿಕ್ಕಿದ್ದೂ ಅದಕ್ಕೆ ಹೊಂದುತ್ತೆ. ವರ್ಷ ಬರೆದಿಲ್ಲವಲ್ಲ ಅಂತ ಒಪ್ಪದವರೂ ಇದ್ದಾರೆ. ಏನೇ ಇರಲಿ, ಈ ಜಗಳ ಹೊಸ ಜೀವ ಪಡೆದಿದ್ದು ದಿಬ್ಬದ ಅಂಚಿನಲ್ಲಿ ಅಗೆದಿದ್ದರಿಂದ. ಹಾಗಾಗಿ ನನ್ನ ಲೆಕ್ಕ ಇಷ್ಟು: ಗೋಡೆ ಬೀಳೋ ಕಡೆ, ಕಳ್ಳರು ನುಗ್ಗೋ ಕಡೆ ಅಗೆಯಿರಿ. ಉಳಿದ ಕಡೆ ಅವಸರ ಬೇಡ.

ಮಣ್ಣಿನಮನೆ:
ಅಲ್ಲಿಯವರೆಗೆ ಒಪ್ಪಿದೆ. ‘ಉಳಿದ ಕಡೆ’ಗೆ ಯಾವತ್ತು ಕೈ ಹಾಕಬೇಕು ಅನ್ನೋದರಲ್ಲಿ ಜಗಳ ಇದ್ದೇ ಇದೆ.

ಬಯಲುಸೀಮೆ:
ನನ್ನನ್ನು ಕೇಳಿದರೆ ನಾಳೆ ಬೆಳಗ್ಗೆ.

ಕರಾವಳಿಯವಳು:
ನೇಪಲ್ಸ್ ಅಕ್ಕಾ, ರಜೆಗೆ ಮಕ್ಕಳನ್ನು ಕರ್ಕೊಂಡು ಬರ್ತಿದ್ದೇವೆ. ಪಾಂಪೆ, ಹರ್ಕ್ಯುಲೇನಿಯಂ ಎರಡೂ ನೋಡಬಹುದಾ? ಆ ದಂತದ ಗೊಂಬೆ ಎಲ್ಲಿದೆ?

ನೇಪಲ್ಸ್‌ಕನ್ನಡತಿ:
ಆರಾಮಾಗಿ ನೋಡಬಹುದು, ಆದರೆ ಎರಡು ದಿನ ಇಟ್ಟುಕೊಳ್ಳಿ. ಚಿರ್ಕುಮ್‌ವೆಸುವಿಯಾನ ಅನ್ನೋ ಲೋಕಲ್ ಟ್ರೈನಲ್ಲಿ ಎರ್ಕೊಲಾನೊ ಮೊದಲು ಬರುತ್ತೆ, ಪಾಂಪೆ ಆಮೇಲೆ. ಮಕ್ಕಳಿದ್ದರೆ ಹರ್ಕ್ಯುಲೇನಿಯಂ ಮೊದಲು ಮಾಡಿ. ಸಣ್ಣ ಜಾಗ, ಮೇಲಂತಸ್ತು, ಸುಟ್ಟ ಮರದ ಬಾಗಿಲು, ತೊಲೆ ಎಲ್ಲ ಕಣ್ಣೆದುರೇ ಇವೆ. ಪಾಂಪೆಯಲ್ಲಿ ನೆರಳು ಕಮ್ಮಿ, ಟೋಪಿ, ನೀರು ಮರೀಬೇಡಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗೆ ಮಾತ್ರ ಪ್ರವೇಶ, ಟಿಕೆಟ್ ಮೇಲೆ ಹೆಸರು ಇರುತ್ತೆ, ಗುರುತಿನ ಚೀಟಿ ಬೇಕು.

ಗೊಂಬೆ ಇರೋದು ನೇಪಲ್ಸ್ ಪುರಾತತ್ವ ಮ್ಯೂಸಿಯಂನಲ್ಲಿ, ‘ಗುಪ್ತ ಕೋಣೆ’ ವಿಭಾಗಕ್ಕೆ ಸೇರಿಸಿದ್ದಾರೆ. ಆ ಕೋಣೆ ತುಂಬ ದೊಡ್ಡವರ ಚಿತ್ರಗಳೇ. ಮಕ್ಕಳನ್ನು ಯಜಮಾನರ ಜೊತೆ ಹೊರಗೆ ನಿಲ್ಲಿಸಿ ನೀವೊಬ್ಬರೇ ಹೋಗಿ ಬನ್ನಿ. ಮಂಗಳವಾರ ಮ್ಯೂಸಿಯಂ ರಜೆ.